ತಾರ್ಹೇಲಿಯ ಮತ್ತು ಬಣ್ಣ ಕದಿಯುವ ಬಿಸಿಲು

ತಾರ್ಹೇಲಿಯ ಯೆರೇನ ಎಲ್ಲಿ ಎಂದು ಕೇಳಿದರೆ ನಮ್ಮ ಚಿಲ್ಕಲೋಮದ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ನೀಲಿಕೈ ತಾರ್ಹೇಲಿಯ ಎಂದು ಕೇಳಿ, ನಾಯಿಗಳೂ ಬಾಲ ಅಲ್ಲಾಡಿಸಿಕೊಂಡು ಮನೆ ತೋರಿಸುತ್ತವೆ. ಹೆಂಗಸಿನ ಕೈ ಮೊಣಕೈವರೆಗೂ ನೀಲಿ, ಉಗುರಿನ ಸಂದಿ ಕಪ್ಪು. ಸೋಪಿಗೆ ಜಗ್ಗುವ ಬಣ್ಣವಲ್ಲ ಅದು. ಮದುವೆಯಾಗಿ ಬಂದ ವರ್ಷ ಹತ್ತಿದ್ದು, ಗಂಡ ಎರ್ಮೋಹೆನೆಸ್ ಮಣ್ಣಿಗೆ ಹೋದರೂ ಬಿಟ್ಟು ಹೋಗಲಿಲ್ಲ. ಚರ್ಚಿನಲ್ಲಿ ಪಾದ್ರಿ ಪ್ರಸಾದದ ರೊಟ್ಟಿ ಕೊಡುವಾಗ ಎಲ್ಲರೂ ಕೈ ಚಾಚಿದರೆ ಇವಳು ಬಾಯಿ ತೆರೆಯುತ್ತಾಳೆ. "ಸ್ವಾಮಿಗೂ ಬಣ್ಣ ಹತ್ತಿಸಿದ್ಲು ಅಂತ ನಾಳೆ ನನ್ನ ಮೇಲೇ ಬರುತ್ತೆ, ಯಾಕೆ ಬೇಕು ಆ ಉಸಾಬರಿ" ಎನ್ನುತ್ತಾಳೆ.

ಪೆಲಿಲೆಯೊ ಪೇಟೆಯಲ್ಲಿ ಸಾಲಾಗಿ ತೂಗುಬಿಟ್ಟಿರುವ ಜೀನ್ಸ್ ಪ್ಯಾಂಟುಗಳಿಗೆ ಆ ಬಣ್ಣ ತಾನಾಗಿ ಬರುವುದಿಲ್ಲ. ಹೊಲಿದ ಮಾಲು ಮೂಟೆ ಕಟ್ಟಿಕೊಂಡು ತಾರ್ಹೇಲಿಯಳಂಥವರ ತೊಳೆಮನೆಗೆ ಬರಬೇಕು. ಅಲ್ಲಿ ದೊಡ್ಡ ಡ್ರಮ್ಮುಗಳಲ್ಲಿ ಉರುಳಬೇಕು, ಬಣ್ಣ ಕುಡಿಯಬೇಕು, ತೊಡೆಯ ಹತ್ತಿರ ಮಂಡಿಯ ಹತ್ತಿರ ಬಣ್ಣ ತೆಗೆಯುವ ಕ್ಲೋರು ಸವರಿಸಿಕೊಂಡು ಮಾಸಬೇಕು, ಆಮೇಲೆ ಮೂರು ನೀರಿನಲ್ಲಿ ಜಾಲಾಡಿಸಿಕೊಳ್ಳಬೇಕು. "ಹೊಸಾದನ್ನ ಹಳೇದು ಮಾಡಿಕೊಡಿ ಅಂತ ಜನ ಬಾಗಿಲಲ್ಲಿ ನಿಲ್ತಾರೆ. ನನ್ನನ್ನ ಹೊಸಾದು ಮಾಡೋಕೆ ಒಬ್ಬನೂ ಬರಲ್ಲ" ಎಂದು ಆಳು ವೆಲಿಂಗ್ಟನ್ ಹತ್ತಿರ ಹೇಳಿ ನಗುತ್ತಾಳೆ. ವೆಲಿಂಗ್ಟನ್ ಐವತ್ತು ದಾಟಿದವನು, ಎರಡು ಡ್ರಮ್ಮನ್ನೂ ನೋಡಿಕೊಳ್ಳುವವನು. ಕೆಲಸ ಚೆನ್ನಾಗಿ ಮಾಡುತ್ತಾನೆ, ಗೊಣಗುವುದನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತಾನೆ.

ಈ ಕಸುಬಿಗೆ ಒಂದು ನೇಮ. ಬಣ್ಣ ಹಾಕಿದ ಬಟ್ಟೆಗೆ ಬಿಸಿಲು ತೋರಿಸಬಾರದು. ಒಳಮೈ ಹೊರಗೆ ತಿರುಗಿಸಿ ತಗಡಿನ ನೆರಳಲ್ಲಿ ಒಣಗಿಸಬೇಕು, ಹೊತ್ತು ನೆತ್ತಿಗೆ ಬರುವ ಮೊದಲು ಅಂಗಳಕ್ಕೆಲ್ಲ ಟಾರ್ಪಾಲು ಎಳೆಯಬೇಕು. ನಮ್ಮ ಬೆಟ್ಟದ ಬಿಸಿಲು ಮೈಗೆ ತಣ್ಣಗಿದ್ದರೂ ಬಣ್ಣದ ಪಾಲಿಗೆ ಹಗಲುಗಳ್ಳ. ಹೊಸ ಸೊಸೆಯಾಗಿ ಬಂದ ತಾರ್ಹೇಲಿಯ ಒಂದು ದಿನ ಎಳೆಯುವುದನ್ನು ಮರೆತು, ಒಂದು ಮೂಟೆ ಪ್ಯಾಂಟು ಅರ್ಧ ಬಿಳಿ ಅರ್ಧ ನೀಲಿ ಆಗಿ, ಅತ್ತೆಯ ಬಾಯಲ್ಲಿ ಏಳು ಜನ್ಮಕ್ಕಾಗುವಷ್ಟು ಕೇಳಿಸಿಕೊಂಡಿದ್ದಳು. ಆಮೇಲೆ ಮರೆಯಲಿಲ್ಲ. ಜ್ವರ ಬಂದು ಮಲಗಿದ್ದರೂ ಆ ಹೊತ್ತಿಗೆ ಎದ್ದು ಟಾರ್ಪಾಲು ಎಳೆದು ಮತ್ತೆ ಬಂದು ಮಲಗುತ್ತಿದ್ದಳು.

ಬಟ್ಟೆಯ ಕಥೆ ಇಷ್ಟು. ನೀರಿನ ಕಥೆ ಬೇರೆ. ಜಾಲಾಡಿದ ನೀರು ಹಿತ್ತಿಲ ಮೋರಿಯಿಂದ ಇಳಿದು ಕಾಲುವೆ ಸೇರುತ್ತಿತ್ತು. ಕಾಲುವೆ ಕಣಿವೆಯಲ್ಲಿ ಇಳಿದು ಸಲಸಾಕ ಜನರ ಕೇರಿಗೆ ಹೋಗುತ್ತಿತ್ತು. ಕೇರಿಯ ಮೊದಲನೇ ಹೊಲ, ಮೊದಲನೇ ಮನೆ ಪ್ರೆಸೆಂತಾ ಕೈಸಬಂದ ಎಂಬುವಳದು. ಕಾಲುವೆ ದಂಡೆಯಲ್ಲಿ ಒಂದು ಪಟ್ಟಿ ಕುದುರೆಮಸಾಲೆ ಹುಲ್ಲು, ಅದನ್ನು ತಿಂದು ಅಡುಗೆಮನೆಯ ಮೂಲೆಯಲ್ಲಿ ಕೊಬ್ಬುವ ಕೂಯಿ ಎಂಬ ಗಿನಿಹಂದಿಗಳು, ಹಟ್ಟಿಯಲ್ಲಿ ನಾಲ್ಕಾರು ಕುರಿ. ಪ್ರೆಸೆಂತಾಳ ಕೈಯಲ್ಲಿ ತಕಲಿ ಸದಾ ತಿರುಗುತ್ತಿರುತ್ತದೆ. ಬೆಟ್ಟ ಹತ್ತುವಾಗಲೂ ನೂಲುತ್ತಾಳೆ, ಜಗಳ ಆಡುವಾಗಲೂ ನೂಲುತ್ತಾಳೆ.

ಅವಳ ಮಗ ಅಲೆಹೊ ಹಸುಗೂಸಾಗಿದ್ದಾಗ ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ತಾರ್ಹೇಲಿಯ. ಹಾಗೆ ಎತ್ತಿಕೊಂಡರೆ ಇಬ್ಬರು ತಾಯಂದಿರೂ ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವರ ಜೊತೆ ಮಾತು ಬಿಟ್ಟರೂ ನಡೆದೀತು, ಕೊಮಾದ್ರೆ ಜೊತೆ ಬಿಡುವ ಹಾಗಿಲ್ಲ. ಏಕವಚನ ಆಡುವ ಹಾಗೂ ಇಲ್ಲ. ಮೇಲಿನಿಂದ ರೊಟ್ಟಿ ಇಳಿಯುತ್ತಿತ್ತು, ಕೆಳಗಿನಿಂದ ಹುರಿದ ಕೂಯಿ ಹತ್ತುತ್ತಿತ್ತು. ಸಂತೆಯಲ್ಲಿ ಸಿಕ್ಕರೆ ಇಬ್ಬರೂ ಗಂಟೆಗಟ್ಟಲೆ ನಿಂತು ಊರಿನ ಸೊಸೆಯಂದಿರನ್ನೆಲ್ಲ ಜಾಲಾಡಿ ಒಣಗಿಸುತ್ತಿದ್ದರು.

ಅಲೆಹೊನ ಮದುವೆ ಬಂತು. ಸಲಸಾಕ ಮದುಮಗ ಬಿಳಿ ಉಣ್ಣೆಯ ಅಂಗಿ, ಬಿಳಿ ಪ್ಯಾಂಟು ತೊಟ್ಟು ಮೇಲೆ ಕರಿ ಪೊಂಚೊ ಹೊದೆಯಬೇಕು. ಆ ಬಿಳುಪೇ ತಾಯಿಯ ಮಾನ. ಪ್ರೆಸೆಂತಾ ತನ್ನ ಕೈಯಾರೆ ಉಣ್ಣೆ ಕತ್ತರಿಸಿ, ಕಾಲುವೆಯಲ್ಲಿ ತೊಳೆದು, ನೂತು, ನೇಯಿಸಿದ್ದಳು. ಮನೆಯ ಮಬ್ಬಿನಲ್ಲಿ ಎಲ್ಲ ಸರಿಯಾಗೇ ಕಂಡಿತ್ತು. ಚರ್ಚಿನಿಂದ ಹೊರಬಂದು ನೆಂಟರ ಗಂಡಸರೆಲ್ಲ ಬಿಸಿಲಿನಲ್ಲಿ ಸಾಲಾಗಿ ನಿಂತಾಗ ನೋಡಿದರೆ, ಎಲ್ಲರ ಬಿಳಿಯೂ ಬಿಳಿ, ಮದುಮಗನದು ಮಾತ್ರ ನೀಲಿಗೂಡಿದ ಬಿಳಿ. ಹುಡುಗಿ ಕಡೆಯ ಒಬ್ಬ ಕುಡುಕ ಮಾವ, "ಪಾಪ, ಮದುಮಗ ಹೆದರಿಕೊಂಡು ನೀಲಿಗಟ್ಟಿದಾನೆ ಕಣ್ರೋ, ಯಾರಾದ್ರೂ ಕಾಲು ತಿಕ್ಕಿ!" ಎಂದು ಕೂಗಿದ. ಇಡೀ ಬಯಲು ನಕ್ಕಿತು.

ತಾರ್ಹೇಲಿಯ ಧರ್ಮತಾಯಿಯ ಜಾಗದಲ್ಲಿ ಮೊದಲನೇ ಸಾಲಿನಲ್ಲಿ ಕೂತಿದ್ದಳು. ನಗು ಕೇಳಿದ್ದೇ ಎರಡು ಕೈಯನ್ನೂ ಶಾಲಿನ ಒಳಗೆ ಎಳೆದುಕೊಂಡಳು. ಪ್ರೆಸೆಂತಾ ಊಟದ ತಟ್ಟೆ ತಂದು ಅವಳ ಮುಂದಿಟ್ಟು, ದನಿ ಏರಿಸದೆ ಹೇಳಿದಳು: "ನಿಮ್ಮ ನೀರು ನನ್ನ ಮಗನ ಮೈಮೇಲಿದೆ ಕೊಮಾದ್ರೆ. ಊಟ ಮಾಡಿ." ಅದೇ ಕೊನೆ, ಆಮೇಲೆ ಮಾತಿಲ್ಲ. ರೊಟ್ಟಿ ಕಳಿಸಿದರೆ ರೊಟ್ಟಿ ಹಾಗೇ ವಾಪಸು ಬಂತು. ಸಂತೆಯಲ್ಲಿ ಎದುರಾದರೆ ಪ್ರೆಸೆಂತಾ ತಕಲಿಯನ್ನೇ ನೋಡಿಕೊಂಡು ದಾಟಿಹೋದಳು.

ತಾರ್ಹೇಲಿಯ ತಣ್ಣಗೆ ಕೂರುವ ಹೆಂಗಸಲ್ಲ. ಅತ್ತಳು. ಎದ್ದು ಮೂಗೊರೆಸಿಕೊಂಡು ದಾರಿ ಹುಡುಕಿದಳು. ಸುಣ್ಣ ಹಾಕಿ ನೀರು ತಂಗಿಸುವ ತೊಟ್ಟಿ ಕಟ್ಟಿಸಿದಳು. ಗಷ್ಟು ಕೆಳಗೆ ಕೂತಿತು, ಆದರೆ ಮೇಲಿನ ನೀರಿನ ನೀಲಿ ಹೋಗಲಿಲ್ಲ. ಎರಡು ಸಲ ತಂಗಿಸಿದರೂ ಅಷ್ಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅಷ್ಟರಲ್ಲಿ ಅಂಬಾತೊ ಕಡೆಯಿಂದ ಯಾದಿರ ಎನ್ನುವ ಇಂಜಿನಿಯರಮ್ಮ ಬಂದಳು. ತೆಳ್ಳಗೆ, ಚುರುಕಾಗಿ, ಮಾತಿನ ಮಧ್ಯೆ ಉಸಿರೇ ತೆಗೆದುಕೊಳ್ಳದ ಹುಡುಗಿ. ಬಣ್ಣದ ನೀರನ್ನು ಬಿಸಿಲಿನಿಂದ ತಿಳಿ ಮಾಡುವ ಒಂದು ಉಪಾಯ ತನ್ನ ಹತ್ತಿರ ಇದೆ, ನಿಮ್ಮ ಹಿತ್ತಿಲಲ್ಲಿ ಹಾಕಿ ನೋಡೋಣವಾ ಎಂದಳು. ಬಿಸಿಲು ಅಂದದ್ದೇ ತಾರ್ಹೇಲಿಯಳ ಹುಬ್ಬು ಮೇಲೇರಿತು.

"ಅಲ್ಲಮ್ಮ ತಾಯಿ, ಆ ಕಳ್ಳನ್ನ ದೂರ ಇಡೋಕೇ ನನ್ನ ಅರ್ಧ ಆಯುಸ್ಸು ಹೋಯ್ತು. ನೀನು ನೋಡಿದ್ರೆ ಕರೆದು ಮಣೆ ಹಾಕು ಅಂತೀಯಲ್ಲ?"

"ನಿಮ್ಮ ಬಟ್ಟೆ ಬಣ್ಣ ಕದಿಯೋನು ನಿಮ್ಮ ನೀರಿನ ಬಣ್ಣ ಕದಿಯಲ್ವಾ ಆಂಟಿ? ಅವನಿಗೆ ಕದಿಯೋಕೆ ಒಂದು ಜೊತೆಗಾರ ಬೇಕು, ಅಷ್ಟೆ."

ಜೊತೆಗಾರ ಎಂದರೆ ಒಂದು ಬಿಳಿ ಪುಡಿ. ಉದ್ದುದ್ದ ಗಾಜಿನ ಹಲಗೆಗಳ ಮೇಲೆ ಆ ಪುಡಿಯನ್ನು ಬಳಿದು, ಕುಲುಮೆಯಲ್ಲಿಟ್ಟು ಸುಟ್ಟು ಗಟ್ಟಿಮಾಡಿ ತಂದಿದ್ದರು. ಹಲಗೆಗಳನ್ನು ಹಿತ್ತಿಲಲ್ಲಿ ಆಕಾಶ ನೋಡುವ ಹಾಗೆ ಓರೆಯಾಗಿ ಸಾಲು ನಿಲ್ಲಿಸಿದರು. ತಂಗಿದ ನೀರನ್ನು ಪಂಪಿನಲ್ಲಿ ಮೇಲೆತ್ತಿ ಗಾಜಿನ ಮೇಲೆ ತೆಳ್ಳಗೆ ಹರಿಯಲು ಬಿಟ್ಟರು. ಕೆಳಗೆ ಬಂದ ನೀರು ಮತ್ತೆ ಮೇಲೆ, ಮತ್ತೆ ಕೆಳಗೆ. ಬಿಸಿಲು ಬಿದ್ದಾಗ ಆ ಪುಡಿ ಎಚ್ಚರಗೊಂಡು, ಹರಿಯುವ ನೀರಿನಲ್ಲಿರುವ ಬಣ್ಣವನ್ನು ಚೂರುಚೂರು ಮಾಡುತ್ತದೆ, ತಾನು ಮಾತ್ರ ಒಂದು ಕಾಳೂ ಸವೆಯುವುದಿಲ್ಲ ಎಂದು ಯಾದಿರ ವಿವರಿಸಿದಳು.

ತಾರ್ಹೇಲಿಯ ಯೋಚಿಸಿ ತಲೆಯಾಡಿಸಿದಳು. "ಗೊತ್ತಾಯ್ತು ಬಿಡು. ನಮ್ಮ ಬೀದಿ ಕೊನೆಮನೆ ಎದೆಲ್ಮೀರ ಇದ್ದ ಹಾಗೆ. ಬಂದು ಕೂತು ಎರಡು ಮಾತಾಡಿದ್ರೆ ಸಾಕು, ಎಂಥಾ ಗಟ್ಟಿ ಮನೇನೂ ಒಡೆಯುತ್ತೆ. ಅವಳಿಗೇನೂ ಆಗಲ್ಲ, ಎದ್ದು ಮುಂದಿನ ಮನೆಗೆ ಹೋಗ್ತಾಳೆ."

ಯಾದಿರ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಅಂಬಾತೊದಲ್ಲಿ ತನ್ನ ಹುಡುಗರಿಗೂ ಅದನ್ನೇ ಹೇಳಿಕೊಡುತ್ತಿದ್ದಾಳಂತೆ.

ಮೊದಲ ವಾರ ನೀರು ತಿಳಿಯಾಗಲಿಲ್ಲ. ಎರಡನೇ ವಾರವೂ ಇಲ್ಲ. ಹೊರಟಾಗ ಎಷ್ಟು ನೀಲಿಯೋ ಸಂಜೆಗೂ ಅಷ್ಟೇ ನೀಲಿ. ಯಾದಿರ ಪಂಪು ಬಿಚ್ಚಿ ನೋಡಿದಳು, ಗಾಜು ಬದಲಾಯಿಸಿದಳು, ಸುಣ್ಣ ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿಸಿದಳು. ಒಂದು ದಿನ ಹೇಳದೆ ಕೇಳದೆ ಮಧ್ಯಾಹ್ನ ಬಂದಳು. ನೋಡಿದರೆ ಹಿತ್ತಿಲ ಗಾಜಿನ ಮೇಲೆಲ್ಲ ಟಾರ್ಪಾಲು.

"ಯಾರು ಹೊದಿಸಿದ್ದು ಇದನ್ನ?"

ವೆಲಿಂಗ್ಟನ್ ಯಜಮಾನಿಯ ಕಡೆ ನೋಡಿದ. ಯಜಮಾನಿ ವೆಲಿಂಗ್ಟನ್ ಕಡೆ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಹೊತ್ತು ನೆತ್ತಿಗೆ ಬಂದದ್ದೇ ಅಂಗಳಕ್ಕೆ ಎಳೆದ ಹಾಗೆ ಹಿತ್ತಿಲಿಗೂ ಎಳೆದಿದ್ದಳು, ದಿನಾ, ಎಳೆಯುತ್ತಿದ್ದೇನೆ ಎನ್ನುವುದು ತಲೆಗೆ ಹೋಗದೆ. "ಅಯ್ಯೋ ನನ್ನ ಕರ್ಮವೇ, ನಾನೇ ಕಣಮ್ಮ! ಕೈ ತಾನಾಗೇ ಎಳೆದುಬಿಟ್ಟಿದೆ!" ಎಂದು ತಲೆ ಚಚ್ಚಿಕೊಂಡಳು. ಅವತ್ತೇ ಹಿತ್ತಿಲ ಟಾರ್ಪಾಲನ್ನು ಕೋಳಿಗೂಡಿನ ಮೇಲೆ ಹಾಕಿಸಿದರು.

ಆಮೇಲೆ ನೋಡಬೇಕಿತ್ತು. ಬೆಳಿಗ್ಗೆ ಕಡುನೀಲಿ ಇದ್ದದ್ದು ಮಧ್ಯಾಹ್ನಕ್ಕೆ ಆಕಾಶದ ನೀಲಿ, ಹೊತ್ತು ಇಳಿಯುವಾಗ ತೊಟ್ಟಿಯ ತಳದ ಕಲ್ಲು ಕಾಣುವಷ್ಟು ತಿಳಿ. ತಾರ್ಹೇಲಿಯ ಮೊದಲ ದಿನ ತೊಟ್ಟಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಊಟಕ್ಕೆ ಕರೆದರೂ ಏಳಲಿಲ್ಲ, ಬೇಯಿಸಿದ ಜೋಳದ ಬಟ್ಟಲನ್ನು ಅಲ್ಲಿಗೇ ತರಿಸಿಕೊಂಡಳು. ಬಣ್ಣ ಹೋದ ಕೂಡಲೇ ನೀರು ಬಿಡಬೇಡಿ, ಕಣ್ಣಿಗೆ ಕಾಣದ ಚೂರುಗಳು ಉಳಿದಿರುತ್ತವೆ, ಇನ್ನೂ ಸ್ವಲ್ಪ ಹೊತ್ತು ಬಿಸಿಲು ತಿನ್ನಲಿ ಎಂದು ಯಾದಿರ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದಳು. ಎಷ್ಟು ಸಂತೋಷವಾಯಿತೆಂದರೆ ಯಾರಿಗಾದರೂ ಹೇಳಲೇಬೇಕಿತ್ತು, ಹೇಳಬೇಕಾದವಳೊಬ್ಬಳು ಕೆಳಗಿನ ಕೇರಿಯಲ್ಲಿ ಮಾತು ಬಿಟ್ಟು ಕೂತಿದ್ದಳು.

ಕೆಳಗಿನವರು ಸುಮ್ಮನಿರಲಿಲ್ಲ. ಕಾಲುವೆ ನೋಡಿಕೊಳ್ಳುವ ನೀರಿನ ಪಂಚಾಯ್ತಿಯಲ್ಲಿ ಈ ಮಾತು ಎದ್ದಿತು. ಅದರ ಹಿರಿಯ ತೈತ ರುಫಿನೊ, ಅಂದರೆ ಇಡೀ ಕೇರಿಗೇ ಅಪ್ಪನಂಥವನು, ಕಡ್ಡಿ ಮುರಿದ ಹಾಗೆ ಹೇಳಿದ: "ಮೇಲಿನ ಮನೆಯ ಮೋರಿ ಬಾಯಿಗೆ ಕಲ್ಲು ಹಾಕೋದೇ ಸರಿ. ನೀರು ತಿಳಿಯಾಗಿದೆ ಅಂತಾರೆ, ಆಗಿದ್ರೆ ತೋರಿಸ್ಲಿ. ಬರೋ ತಿಂಗಳ ಮೊದಲನೇ ಭಾನುವಾರ ಎಲ್ರೂ ಹೋಗೋಣ." ಯಾದಿರ ಪರೀಕ್ಷೆಯ ಕಾಗದಗಳನ್ನು ಕೊಟ್ಟಳು. ರುಫಿನೊ ಮರ್ಯಾದೆಯಿಂದ ಮಡಿಸಿ ಜೇಬಿಗಿಟ್ಟುಕೊಂಡ. "ಕಾಗದ ಇರ್ಲಿ ಇಂಜಿನಿಯರಮ್ಮ. ಹಾಳಾಗಿದ್ದು ಉಣ್ಣೆ, ಉಣ್ಣೇನೇ ಹೇಳ್ಲಿ. ಪ್ರೆಸೆಂತಾ ಬಂದು ಅದ್ದಲಿ. ಬಿಳಿಯಾಗೇ ಬಂದ್ರೆ ನಾವು ವಾಪಸು ಹೋಗ್ತೀವಿ."

ಮೋರಿಗೆ ಕಲ್ಲು ಬಿದ್ದರೆ ತೊಳೆಮನೆಗೆ ಬೀಗ. ವೆಲಿಂಗ್ಟನ್ನನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ತಾರ್ಹೇಲಿಯಳಿಗೆ ಮಾತ್ರ ಹೆದರಿಕೆಗಿಂತ ಆಸೆ ಹೆಚ್ಚು. "ಅದ್ದಲಿ, ಬಂದು ಅದ್ದಲಿ. ಆ ನೆಪಕ್ಕಾದ್ರೂ ನನ್ನ ಮನೆ ಮೆಟ್ಟಿಲು ಹತ್ತುತಾರಲ್ಲ" ಎಂದಳು. ನೀರು ತಿಳಿಯಾಗಿದೆ, ಬನ್ನಿ ಎಂದು ಕೆಳಗೆ ಹೇಳಿಯೂ ಕಳಿಸಿದಳು.

ಆದರೆ ಬೆಟ್ಟಕ್ಕೆ ನಮ್ಮ ಲೆಕ್ಕ ಗೊತ್ತಿಲ್ಲ. ಆ ಭಾನುವಾರಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ನಮ್ಮ ಬೆಂಕಿಬೆಟ್ಟ ಅಮ್ಮ ತುಂಗುರಾವಾ ಎದ್ದಳು. ಮೊದಲು ಗುಡುಗಿನಂಥ ಸದ್ದು, ಕಿಟಕಿ ಗಾಜು ನಡುಗಿದವು. ಆಮೇಲೆ ಬೂದಿ. ಛಾವಣಿ ಮೇಲೆ ಬೂದಿ, ಹುಲ್ಲಿನ ಮೇಲೆ ಬೂದಿ, ಸಾರಿನಲ್ಲಿ ಬೂದಿ. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದರು, ಕುರಿಗಳು ಕೆಮ್ಮಿದವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸೂರ್ಯ ಇಲ್ಲ. ಹಗಲು ಪೂರ್ತಿ ಆಕಾಶ ಕೊಳೆ ಪಾತ್ರೆಯ ಬಣ್ಣ. ತಾರ್ಹೇಲಿಯ ಬೆಳಿಗ್ಗೆ ಎದ್ದು ಗಾಜಿನ ಮೇಲಿನ ಬೂದಿಯನ್ನು ಉಜ್ಜದೆ, ಮೆಲ್ಲಗೆ ನೀರು ಬಿಟ್ಟು ತೊಳೆದಳು. ಮಧ್ಯಾಹ್ನಕ್ಕೆ ಮತ್ತೆ ಬೂದಿ. ತೊಟ್ಟಿಯ ನೀರು ಸುತ್ತಿ ಸುತ್ತಿ ಸುಸ್ತಾಯಿತು, ನೀಲಿ ಹೋಗಲಿಲ್ಲ.

"ದಿನ ಮುಂದಕ್ಕೆ ಹಾಕಿಸಿ ದೋನ್ಯಾ" ಎಂದ ವೆಲಿಂಗ್ಟನ್, ಯಜಮಾನಿಯನ್ನು ಅವನು ಕರೆಯುವುದೇ ಹಾಗೆ.

"ಈಗ ಹೋಗಿ ಮುಂದಕ್ಕೆ ಹಾಕಿ ಅಂದ್ರೆ ಏನಂತಾರೆ? ನೋಡಿದ್ರಾ, ನೀಲಿಕೈಯೋಳು ಜಾರಿಕೊಂಡ್ಲು ಅಂತಾರೆ. ಬೇಡ."

ಕೇಳಬಹುದಿತ್ತು, ಬೂದಿ ಎಲ್ಲರ ಮನೆ ಮೇಲೂ ಬಿದ್ದಿತ್ತು, ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಬಿಂಕ ಒಂದು ಕಡೆ, ಭಯ ಒಂದು ಕಡೆ, ಎರಡೂ ಸೇರಿದರೆ ಬುದ್ಧಿಗೆ ಜಾಗ ಎಲ್ಲಿ?

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ತಾರ್ಹೇಲಿಯ ಒಬ್ಬಳೇ ಹಿತ್ತಿಲಿಗೆ ಹೋದಳು. ಪ್ಯಾಂಟು ಮಾಸಿಸುವ ಕ್ಲೋರಿನ ಕ್ಯಾನು ಗೋಡೆ ಪಕ್ಕದಲ್ಲೇ ಇತ್ತು. ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಕಡೆಗೆ ತೊಟ್ಟಿಗೆ ಸುರಿದು ಉದ್ದನೆಯ ಕೋಲಿನಿಂದ ತಿರುವಿದಳು. ಸ್ವಲ್ಪ ಹೊತ್ತಿಗೆಲ್ಲ ನೀರು ಕನ್ನಡಿಯ ಹಾಗೆ ತಿಳಿಯಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಆ ಕಡೆ ಈ ಕಡೆ ನೋಡದೆ ಒಳಗೆ ಬಂದು ಒಲೆ ಹೊತ್ತಿಸಿದಳು. ತೊಳೆಮನೆಯಲ್ಲಿ ಕ್ಲೋರಿನ ವಾಸನೆ ಯಾವಾಗಲೂ ಇರುವುದೇ, ಯಾರಿಗೂ ಅನುಮಾನ ಬರುವುದಿಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಒಂದು ವಿಷಯ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಲೋರು ಹತ್ತಿಬಟ್ಟೆಗೆ ಸಲ್ಲುತ್ತದೆ, ಉಣ್ಣೆಗೆ ಸಲ್ಲುವುದಿಲ್ಲ. ಒದ್ದೆಯಿದ್ದಾಗ ಏನೂ ತಿಳಿಯುವುದಿಲ್ಲ. ಒಣಗಿದ ಮೇಲೆ ಹಳದಿಗಟ್ಟುತ್ತದೆ, ಒರಟಾಗುತ್ತದೆ, ನೂಲಲು ಹೋದರೆ ತುಂಡಾಗುತ್ತದೆ. 'ಒಂದು ಹಿಡಿ ಉಣ್ಣೆ ತಾನೇ ತರೋದು. ಯಾವುದೋ ಹಳೇ ತುಪ್ಪಟ ತರ್ತಾರೆ. ಹೋದ್ರೆ ಹೋಗ್ಲಿ, ನಾಳೆ ಬಿಸಿಲು ಬರುತ್ತೆ, ನೀರು ನಿಜವಾಗೂ ತಿಳಿಯಾಗುತ್ತೆ' ಎಂದುಕೊಂಡಳು.

ಜನ ಬಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಗಂಡಸರು, ಕರಿ ಶಾಲಿನ ಹೆಂಗಸರು, ಮುಂದೆ ತೈತ ರುಫಿನೊ, ಹಿಂದೆ ಯಾದಿರ. ತೊಟ್ಟಿಯ ನೀರು ನೋಡಿ ಎಲ್ಲರೂ ಬಾಯಿ ಕಳೆದರು. ಯಾದಿರ ಹುಬ್ಬು ಗಂಟಿಕ್ಕಿ ಒಮ್ಮೆ ಆಕಾಶ ನೋಡಿದಳು, ಒಮ್ಮೆ ನೀರು ನೋಡಿದಳು. ಏನೋ ಹೇಳಲು ಹೊರಟಳು, ಅಷ್ಟರಲ್ಲಿ ಜನ ದಾರಿ ಬಿಟ್ಟರು. ಪ್ರೆಸೆಂತಾ ಬೆನ್ನಿನ ಗಂಟು ಇಳಿಸಿ ತೊಟ್ಟಿಯ ಕಟ್ಟೆ ಮೇಲೆ ಬಿಚ್ಚಿದಳು.

ಹಿಡಿ ಉಣ್ಣೆಯಲ್ಲ, ಇಡೀ ಕುರಿಯದು. ಎಳೆ ಕುರಿಯ ಮೊದಲ ಕತ್ತರಿ, ಕಸ ಆರಿಸಿ ಹಿಂಜಿ ಇಟ್ಟದ್ದು, ಹಾಲಿನ ಕೆನೆಯಷ್ಟು ಮೆತ್ತಗೆ. ಸುತ್ತ ನಿಂತ ಹೆಂಗಸರಿಂದ "ಅಬ್ಬಾ" ಎಂಬ ಉಸಿರು ಬಂತು.

"ಇದೇನು ಪ್ರೆಸೆಂತಾ, ಪರೀಕ್ಷೆಗೆ ಇಂಥಾ ಉಣ್ಣೆ ತಂದಿದ್ದೀಯ?" ಎಂದ ರುಫಿನೊ.

"ಅಲೆಹೊನ ಮಗುವಿನ ಜ್ಞಾನಸ್ನಾನಕ್ಕೆ ಇಟ್ಟಿದ್ದು ತೈತ. ಹೊದಿಕೆ ನೇಯಬೇಕು."

"ಹಳೇದು ಒಂದು ಹಿಡಿ ಸಾಕಿತ್ತಲ್ಲ?"

ಪ್ರೆಸೆಂತಾ ತಲೆ ಎತ್ತದೆ ತೋಳು ಮೇಲಕ್ಕೆ ಸರಿಸಿಕೊಂಡಳು. "ಹಳೇದು ತಂದ್ರೆ ನಂಬಿಕೆ ಇಲ್ಲ ಅಂದ ಹಾಗಾಗಲ್ವಾ? ಕೊಮಾದ್ರೆ ತಿಳಿಯಾಗಿದೆ ಅಂತ ಹೇಳಿ ಕಳಿಸಿದಾರೆ. ಜ್ಞಾನಸ್ನಾನಕ್ಕೆ ಕರೆಯೋಕೆ ಅಂತ ನಾನೇ ಬರಬೇಕಿತ್ತು, ಎರಡೂ ಒಟ್ಟಿಗೆ ಆಗ್ಲಿ ಅಂತ ಬಂದೆ."

ಎಷ್ಟೋ ಕಾಲದ ಮೇಲೆ ಆ ಬಾಯಲ್ಲಿ ಕೊಮಾದ್ರೆ ಎನ್ನುವ ಮಾತು ಬಂದಿತ್ತು. ಸುಮ್ಮನಿದ್ದರೆ ಮೋರಿ ಉಳಿಯುತ್ತದೆ, ಡ್ರಮ್ಮು ತಿರುಗುತ್ತದೆ, ಜನ ಹೊಗಳಿ ಹೋಗುತ್ತಾರೆ. ಹಳದಿಗಟ್ಟುವುದು ನಾಳೆಯೋ ನಾಡಿದ್ದೋ, ಬೂದಿಗೆ ಹಾಗಾಯಿತು ಎಂದರೂ ನಂಬುತ್ತಾರೆ. ಪ್ರೆಸೆಂತಾ ಉಣ್ಣೆಯನ್ನು ಎರಡು ಕೈಯಲ್ಲಿ ಎತ್ತಿ ನೀರಿನ ಮೇಲೆ ಬಗ್ಗಿದಳು.

"ಅದ್ದಬೇಡಿ!"

ತಾರ್ಹೇಲಿಯ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅದ್ದಬೇಡಿ ಕೊಮಾದ್ರೆ. ನೀರಲ್ಲಿ ಕ್ಲೋರಿದೆ. ಬಿಸಿಲು ಬರ್ಲಿಲ್ಲ, ಬಣ್ಣ ಹೋಗ್ಲಿಲ್ಲ, ಬೆಳಿಗ್ಗೆ ನಾನೇ ಸುರಿದೆ. ಇದು ತಿಳಿನೀರಲ್ಲ, ಮೋಸದ ನೀರು. ನಿಮ್ಮ ಉಣ್ಣೆ ಹಾಳಾಗುತ್ತೆ."

ಯಾದಿರ ಕಣ್ಣು ಮುಚ್ಚಿಕೊಂಡಳು. ವೆಲಿಂಗ್ಟನ್ "ಮುಗೀತು" ಎಂದು ಟೋಪಿ ತೆಗೆದ. ಗಂಡಸರ ಕಡೆಯಿಂದ ಒಂದು ದನಿ, "ನೋಡಿದ್ರಾ? ನೀಲಿಕೈ ಬುದ್ಧಿ!" ಎಂದು ಎದ್ದಿತು, ಅದರ ಹಿಂದೆ ಇನ್ನಷ್ಟು. ರುಫಿನೊ ಕೈ ಎತ್ತಿದ ಮೇಲೆ ಗಲಾಟೆ ನಿಂತಿತು.

ಪ್ರೆಸೆಂತಾ ಉಣ್ಣೆಯನ್ನು ಮತ್ತೆ ಗಂಟು ಕಟ್ಟಿದಳು. ಅವಸರವಿಲ್ಲ. ಗಂಟು ಬೆನ್ನಿಗೇರಿಸಿ ಶಾಲು ಸರಿಮಾಡಿಕೊಂಡು ತಾರ್ಹೇಲಿಯಳ ಮುಖ ನೋಡಿದಳು.

"ಎಷ್ಟು ಹೊತ್ತಿಗೆ ಸುರಿದ್ರಿ?"

"ಬೆಳಕು ಹರಿಯೋವಾಗ."

"ಅವಾಗಿಂದ ನನ್ನ ಮುಖ ಹೇಗೆ ನೋಡೋದು ಅಂತ ಯೋಚನೆ ಮಾಡ್ತಿದ್ರಾ?"

"ಹೂಂ."

"ಮಾಡಬೇಕಾದ್ದೇ" ಎಂದಳು ಪ್ರೆಸೆಂತಾ. ಆಮೇಲೆ ರುಫಿನೊ ಕಡೆ ತಿರುಗಿದಳು. "ತೈತ, ಕಲ್ಲು ಹಾಕಿಸಿ."

ಮಿಂಗ ಎಂದರೆ ಮನೆಗೊಬ್ಬರು ಕೈ ಹಾಕಿ ಮಾಡುವ ಕೆಲಸ, ಊಟ ಕೂಡ ಒಟ್ಟಿಗೇ. ಅವತ್ತಿನ ಮಿಂಗಕ್ಕೆ ಯಾರ ಕೈಯಲ್ಲೂ ಊಟವಿರಲಿಲ್ಲ. ಎಲ್ಲರೂ ಕಣಿವೆಯಿಂದ ಒಂದೊಂದು ಕಲ್ಲು ತಂದರು. ತಾರ್ಹೇಲಿಯ ಯಾರೂ ಹೇಳುವ ಮೊದಲೇ ಹೋಗಿ ದೊಡ್ಡ ಕಲ್ಲಿಗೆ ಕೈ ಹಾಕಿದಳು. ಎತ್ತಲಾಗಲಿಲ್ಲ, ಸೊಂಟ ಹಿಡಿಯಿತು. ಇನ್ನೊಂದು ಕಡೆಯಿಂದ ಯಾರೋ ಹಿಡಿದರು. ನೋಡಿದರೆ ಪ್ರೆಸೆಂತಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮೋರಿಯವರೆಗೆ ಹೊತ್ತು ತಂದು ಬಾಯಿಗೆ ಹಾಕಿದರು. "ಕಾಲು ಹುಷಾರು" ಎಂದಳು ಪ್ರೆಸೆಂತಾ, ಅಷ್ಟೆ.

ಜನ ಹೋದ ಮೇಲೆ ವೆಲಿಂಗ್ಟನ್ ಗೊಣಗಿದ. "ಸುಮ್ನೆ ಇದ್ದಿದ್ರೆ ಆಗಿಹೋಗ್ತಿತ್ತು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳೋದು ಅಂದ್ರೆ ಇದೇ." ತಾರ್ಹೇಲಿಯ, "ಬಾಯಿ ಮುಚ್ಕೊಂಡು ಗಾಜು ತೊಳಿ ಬಾ" ಎಂದಳು.

ಬೂದಿ ನಿಂತಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೆಟ್ಟದ ತಲೆ ಸ್ವಚ್ಛ, ಆಕಾಶ ಸ್ವಚ್ಛ, ಬಿಸಿಲು ಕಣ್ಣಿಗೆ ಚುಚ್ಚುವಷ್ಟು. ತೊಟ್ಟಿಯ ಕ್ಲೋರಿನ ನೀರನ್ನು ಪ್ಯಾಂಟು ಮಾಸಿಸಲೇ ಬಳಸಿ ಮುಗಿಸಿದ್ದಳು. ಹೊಸ ನೀರು ಗಾಜಿನ ಮೇಲೆ ಹರಿದು ಹೊತ್ತು ಇಳಿಯುವಷ್ಟರಲ್ಲಿ ತಿಳಿಯಾಯಿತು. ಮೋರಿಗೆ ಕಲ್ಲಿತ್ತು, ಹೊರಗೆ ಬಿಡುವ ಹಾಗಿಲ್ಲ. ಅದೇ ನೀರನ್ನು ಮತ್ತೆ ಮೊದಲ ಜಾಲಾಟಕ್ಕೆ ಹಾಕಿದಳು. ಎಷ್ಟು ಮೂಟೆಗೆ ನೀರು ಸಾಲುತ್ತದೋ ಅಷ್ಟೇ ಕೆಲಸ, ಮಿಕ್ಕ ಮೂಟೆ ಬೇರೆ ತೊಳೆಮನೆಗೆ ಹೋಯಿತು. ಒಂದು ಡ್ರಮ್ಮು ಸುಮ್ಮನೆ ನಿಂತಿತು. ಬಿಸಿಲು ಬಂದಿದೆ, ನೀರು ತಿಳಿಯಾಗಿದೆ ಎಂದು ಕೆಳಗೆ ಹೇಳಿ ಕಳಿಸಲು ನಾಲಿಗೆ ಏಳಲಿಲ್ಲ. ಯಾವ ಬಾಯಲ್ಲಿ ಹೇಳುವುದು?

ಒಂದು ದಿನ ಹಿತ್ತಿಲ ಬಾಗಿಲು ದಡಬಡ ಸದ್ದಾಯಿತು.

"ಬಿಸಿಲು ಬಂದು ಎಷ್ಟು ದಿನ ಆಯ್ತು ಕೊಮಾದ್ರೆ? ನಾನೇ ಬೆಟ್ಟ ಹತ್ತಿ ಬಂದು ನಿಮ್ಮ ನೀರು ಹೇಗಿದೆ ಅಂತ ಕೇಳಬೇಕಾ? ನನ್ನ ಮಂಡಿ ಏನು ಸರಕಾರದ್ದು ಅಂದ್ಕೊಂಡ್ರಾ?"

ಪ್ರೆಸೆಂತಾ, ಬೆನ್ನಲ್ಲಿ ಅದೇ ಗಂಟು, ಕೈಯಲ್ಲಿ ತಕಲಿ. ತಾರ್ಹೇಲಿಯ ಉತ್ತರಿಸುವ ಮೊದಲೇ ತೊಟ್ಟಿಯ ಪಕ್ಕ ಕೂತಳು. ನೀರನ್ನು ಮೂಸಿದಳು, ಬೆರಳಲ್ಲಿ ಉಜ್ಜಿದಳು. "ಇದರಲ್ಲಿ ಏನಿದೆ?"

"ಏನೂ ಇಲ್ಲ. ನಿನ್ನೆ ತಿಳಿಯಾಗಿದ್ದು, ಇವತ್ತೂ ಅರ್ಧ ದಿನ ಬಿಸಿಲು ತಿಂದಿದೆ."

"ಹೌದಾ" ಎಂದವಳೇ ಇಡೀ ಉಣ್ಣೆಯನ್ನು ಮುಳುಗಿಸಿದಳು. ಪ್ರೆಸೆಂತಾ ಹಿಂಡಿದಳು, ಜಾಲಿಸಿದಳು, ಮತ್ತೆ ಹಿಂಡಿದಳು. ಗಾಜಿನ ಪಕ್ಕದ ಕಟ್ಟೆಯ ಮೇಲೆ ಹರವಿ ಕೂತಳು. ಒಣಗುವವರೆಗೂ ಇಬ್ಬರೂ ಕೂತೇ ಇದ್ದರು. ಮೊದಲು ಪ್ರೆಸೆಂತಾ ನೂಲುತ್ತಿದ್ದಳು, ತಾರ್ಹೇಲಿಯ ಉಣ್ಣೆ ಮಗುಚುತ್ತಿದ್ದಳು. ಆಮೇಲೆ ಎದೆಲ್ಮೀರಳ ಸೊಸೆ ತವರಿಗೆ ಹೋದ ಸುದ್ದಿ ಬಂತು, ಅಲ್ಲಿಂದ ಮಾತು ತಾನಾಗೇ ಹರಿಯಿತು. ಉಣ್ಣೆ ಒಣಗಿದಾಗ ಪ್ರೆಸೆಂತಾ ಒಂದು ಎಸಳನ್ನು ಬಿಸಿಲಿಗೆ ಹಿಡಿದು ನೋಡಿದಳು, ಹಿಂಜಿ ನೋಡಿದಳು, ನೂತೂ ನೋಡಿದಳು. ಬಿಳಿ ಬಿಳಿಯಾಗೇ ಇತ್ತು.

"ಇದೆಲ್ಲ ಸರಿ" ಎಂದಳು. "ನೀರನ್ನ ಮಾತ್ರ ನಾನು ನಂಬಲ್ಲ. ಮೋಡ ಬಂದ್ರೆ ಕೆಡುತ್ತೆ, ಬೂದಿ ಬಂದ್ರೆ ಕೆಡುತ್ತೆ. ಅದಕ್ಕೇನು ನಾಚಿಕೆಯಾ, ಮಾನವಾ? ನಿಮ್ಮನ್ನ ನಂಬ್ತೀನಿ. ಕಲ್ಲು ತೆಗೆಸೋಕೆ ತೈತನಿಗೆ ಹೇಳ್ತೀನಿ. ಆದ್ರೆ ಕೆಟ್ಟ ದಿನ ನೀವೇ ಬಾಯಿಬಿಟ್ಟು ಹೇಳಬೇಕು. ಅವತ್ತು ಒಂದು ತೊಟ್ಟೂ ಬಿಡೋ ಹಾಗಿಲ್ಲ."

ತಾರ್ಹೇಲಿಯ ಅತ್ತಳು, ಮೂಗೊರೆಸಿಕೊಂಡಳು, ಆಗಲಿ ಎಂದಳು. ಕಲ್ಲನ್ನು ತೆಗೆಯುವ ಮಿಂಗಕ್ಕೆ ಇಡೀ ಕೇರಿಗೆ ಅವಳೇ ಆಲೂಗಡ್ಡೆ ಬೇಯಿಸಿ ಹಾಕಿದಳು. ಆ ಮಗುವಿನ ಜ್ಞಾನಸ್ನಾನದಲ್ಲಿ ಹೊದಿಕೆ ನೋಡಿದವರೆಲ್ಲ ಯಾವ ಊರಿನ ನೀರಿನಲ್ಲಿ ತೊಳೆದದ್ದು ಎಂದು ಕೇಳಿದರಂತೆ.

ಈಗ ನಮ್ಮ ಚಿಲ್ಕಲೋಮದಲ್ಲಿ ಬೆಳಿಗ್ಗೆ ಗಡಿಯಾರ ನೋಡುವವರು ಕಡಿಮೆ. ತಾರ್ಹೇಲಿಯ ಹಿತ್ತಿಲಿಗೆ ಬರುತ್ತಾಳೆ, ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾಳೆ, ತೊಟ್ಟಿ ನೋಡುತ್ತಾಳೆ, ಆಮೇಲೆ ಕಣಿವೆಯ ಅಂಚಿಗೆ ಹೋಗಿ ಕೂಗುತ್ತಾಳೆ. ಒಳ್ಳೆಯ ಬಿಸಿಲಿನ ದಿನ "ಬಿಡ್ತೀನಿ ಕೊಮಾದ್ರೆ!" ಎಂದು. ಆ ಕೂಗಿಗೆ ಕೆಳಗಿನ ಹೆಂಗಸರು ಉಣ್ಣೆ, ಬಟ್ಟೆ ಎತ್ತಿಕೊಂಡು ಕಾಲುವೆಗೆ ಇಳಿಯುತ್ತಾರೆ.

ಮೊನ್ನೆ ಮೋಡದ ವಾರ. ಎರಡು ಡ್ರಮ್ಮಿಗಾಗುವಷ್ಟು ಮೂಟೆ ಬಂದು ಬಾಗಿಲಲ್ಲಿ ಬಿದ್ದಿತ್ತು, ಹಬ್ಬದ ಮಾಲು, ಪೇಟೆಯವನು ದಿನಕ್ಕೆರಡು ಸಲ ಬಂದು ಬಯ್ಯುತ್ತಿದ್ದ. ತೊಟ್ಟಿಯ ನೀರು ನೋಡಿದರೆ ನೀಲಿಯೋ ಅಲ್ಲವೋ ಹೇಳುವುದೇ ಕಷ್ಟ. ವೆಲಿಂಗ್ಟನ್, "ಇಷ್ಟು ತೆಳು ಬಣ್ಣ ಯಾರ ಕಣ್ಣಿಗೆ ಬೀಳುತ್ತೆ ದೋನ್ಯಾ, ಬಿಟ್ಟುಬಿಡೋಣ" ಎಂದ. ತಾರ್ಹೇಲಿಯ ಬಗ್ಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂಚಿಗೆ ನಡೆದು, ಕಣಿವೆಗೆಲ್ಲ ಕೇಳುವ ಹಾಗೆ ಕೂಗಿದಳು:

"ಕೊಮಾದ್ರೇ! ಇವತ್ತು ಕೆಟ್ಟಿದೆ, ಬಿಡಲ್ಲ!"

ಕೆಳಗಿನಿಂದ ಪ್ರೆಸೆಂತಾಳ ದನಿ ಏರಿಬಂತು.

"ಆಯ್ತು ಕೊಮಾದ್ರೇ! ಕೆಲಸ ಇಲ್ಲ ತಾನೇ, ಊಟಕ್ಕೆ ಬನ್ನಿ!"